ಗಿಡಕ್ಕೆ ಹೇಳಬೇಕಾದ ಮಾತು

“ಗಿಡಕ್ಕ ಕೈ ಹಚ್ಚು ಮೈತ್ರಿ, ಅದೇನು ಕಚ್ಚತದೇನು?” ಎಂದು ಭಾಗ್ಯಜ್ಯೋತಿ ಟೀಚರ್ ನಕ್ಕರೆ, ಹುಡುಗಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಉಳಿದ ಮಕ್ಕಳೆಲ್ಲ ಹಳ್ಳದ ದಂಡೆಯ ಬೇವಿನ ಗಿಡಗಳನ್ನು ತಬ್ಬಿಕೊಂಡು ಪಿಸುಗುಡುತ್ತಿದ್ದರು. ಯಾರ ಮುಂದೆಯೂ ಹೇಳಲಾಗದ ಸಿಟ್ಟು, ದುಃಖ, ಹೆದರಿಕೆಯನ್ನು ಗಿಡದ ಮುಂದೆ ಹೇಳಿಬಿಡಬೇಕು. ಗಿಡ ಚಾಡಿ ಹೇಳುವುದಿಲ್ಲ. ಟೀಚರ್ ಆಳಂದದ ತರಬೇತಿಯಲ್ಲಿ ಕಲಿತು ಬಂದ ಪಾಠ ಇದು.

ಬಿಲಾಲನಿಗೆ ಮಾತ್ರ ಪಿಸುಗುಡುವುದು ಬಾರದು. ಅಣ್ಣನ ಮೊಬೈಲನ್ನು ನೀರಿನ ಕೊಡಕ್ಕೆ ಬೀಳಿಸಿದವರು ಯಾರೆಂಬುದು ಗಿಡದ ಜೊತೆಗೆ ಇಡೀ ನಾಲ್ಕನೇ ತರಗತಿಗೂ ತಿಳಿದುಹೋಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮೈತ್ರಿ ನಗಲಿಲ್ಲ.

ನಗುವುದಿರಲಿ, ಅವಳು ಅತ್ತೂ ಇರಲಿಲ್ಲ. ಶ್ರಾವಣದಲ್ಲಿ ತೊಗರಿ ಹೊಲಕ್ಕೆ ಕಳೆ ತೆಗೆಯಲು ಹೋದ ಅವಳ ಅವ್ವ, ಗಿಡದ ಕೆಳಗೆ ಸಿಡಿಲು ಬಡಿದು ಸತ್ತಿದ್ದಳು. ಜೊತೆಗಿದ್ದ ಮೈತ್ರಿ ಉಳಿದಳು, ಉಳಿದಳು ಎನ್ನುವುದಷ್ಟೇ. ಅಂದಿನಿಂದ ಏನು ಕೇಳಿದರೂ ಹೂಂ, ಇಲ್ಲವೇ ಉಹೂಂ. “ಒಂದ್ಸಲ ಅತ್ತುಬಿಟ್ರ ಸಾಕ್ರಿ ಟೀಚರ್, ಇಲ್ಲಾಂದ್ರ ಈ ಕೂಸೂ ನಮಗ ದಕ್ಕಂಗಿಲ್ಲ” ಎಂದು ಅಜ್ಜಿ ಶಾಲೆಯ ತನಕ ಬಂದು ಕೈಮುಗಿದಿದ್ದಳು. ಇವತ್ತಿನ ಪಾಠವನ್ನು ಟೀಚರ್ ಇಟ್ಟುಕೊಂಡದ್ದೇ ಮೈತ್ರಿಗಾಗಿ. ಸಿಡಿಲು ಬಡಿದ ಹೊಲ ಊರಿನ ಆ ದಿಕ್ಕಿಗೆ, ಹಳ್ಳ ಈ ದಿಕ್ಕಿಗೆ ಎಂಬ ಧೈರ್ಯ ಅವರದು. ಮಗುವಿಗೆ ದಿಕ್ಕಿನ ಹಂಗಿಲ್ಲ, ಗಿಡವೆಂದರೆ ಗಿಡವೇ ಎಂಬುದು ಪಾಪ ಅವರಿಗೆ ಹೊಳೆಯಲಿಲ್ಲ.

“ನಾನೂ ಸಂಗಡ ಬರ್ತೇನಿ, ಬಾ” ಎಂದು ಕೈಹಿಡಿದು ಕರೆದೊಯ್ದರು. ಗಿಡದ ಹತ್ತಿರ ಬರುತ್ತಲೇ ಮೈತ್ರಿ ಕೈ ಕೊಸರಿಕೊಂಡಳು. ನೆಲದ ಹೆಂಟೆಯೊಂದನ್ನು ಎತ್ತಿ ಬೊಡ್ಡೆಗೆ ಬೀಸಿ ಒಗೆದಳು. ಇನ್ನೊಂದು. ಮತ್ತೊಂದು. ಟೀಚರಿಗೆ ಒಳಗೊಳಗೇ ಹಿಗ್ಗು. ಸಿಟ್ಟು ಹೊರಗೆ ಬಂತು, ಇನ್ನು ಅಳುವೂ ಬಂದೀತು.

“ಒಗಿ, ಎಷ್ಟ ಬೇಕಾದ್ರೂ ಒಗಿ. ಗಿಡದ ಮ್ಯಾಲ ಸಿಟ್ಟು ಬಂದದ, ಹೌದಿಲ್ಲೋ?”

“ಗಿಡದ ಮ್ಯಾಲಲ್ರಿ.”

ಎಷ್ಟೋ ದಿನಗಳ ಮೇಲೆ ಕೇಳಿದ ಪೂರ್ತಿ ಮಾತು. ಟೀಚರ್ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತರು. “ಮತ್ಯಾರ ಮ್ಯಾಲ, ಮಗಳೇ?”

“ಅವ್ವ ನಡು ಹೊಲದಾಗ ಇದ್ದಳ್ರಿ. ಮಳಿ ಬಂದ್ರೂ ಕಳೆ ತೆಗಿಯಾಕತ್ತಿದ್ದಳು. ನಾನೇ ಗಿಡದ ಕೆಳಗ ನಿಂತು ಒದರಿದೆ, ನೆನಿತಿ ಬೇ ಅವ್ವಾ, ಇಲ್ಲಿ ಬಾ ಅಂತ. ಒಲ್ಲೆ ಅಂದಳು. ಮತ್ತ ಒದರಿದೆ.” ಹಿಡಿದಿದ್ದ ಹೆಂಟೆ ಅವಳ ಮುಷ್ಟಿಯಲ್ಲೇ ಪುಡಿಯಾಯಿತು. “ಬಂದಳು. ಗಿಡಕ್ಕ ಆನಿಕೊಂಡು ನಿಂತು ನನ್ನ ತಲಿ ಒರಸಿದಳು...”

ಟೀಚರ್ ನಿನ್ನ ತಪ್ಪಲ್ಲ ಮಗಳೇ ಎನ್ನಲು ಬಾಯಿ ತೆರೆದರು. ಆ ಮಾತು ಅವರಿಗೇ ತೀರ ಬಡವಾಗಿ ಕಂಡಿತು. ಹುಡುಗಿಯನ್ನು ಎದೆಗವಚಿಕೊಂಡು ತಾವೇ ಅತ್ತರು. ಮೈತ್ರಿ ಆಗಲೂ ಅಳದೆ ಕಟ್ಟಿಗೆಯಂತೆ ನಿಂತಿದ್ದಳು.

ಅಷ್ಟರಲ್ಲಿ ಪಡುವಣದಲ್ಲಿ ಗುಡುಗಿತು. ನಾಲ್ಕು ದಪ್ಪ ಹನಿ ಬಿದ್ದದ್ದೇ ತಡ, ದಂಡೆಯ ಉದ್ದಕ್ಕೂ ಚೆದುರಿದ್ದ ಮಕ್ಕಳು ಕೇಕೆ ಹಾಕುತ್ತ ಗಿಡಗಳ ಬುಡಕ್ಕೇ ಒತ್ತಿಕೊಂಡು ನಿಂತರು. ಭಾಗ್ಯಜ್ಯೋತಿ ಧಡಕ್ಕನೆ ಎದ್ದರು.

“ಮೈತ್ರಿ, ನೀ ಆ ಕಡೆಯವರನ್ನ ಕರಿ, ನಾ ಈ ಕಡೆಯವರನ್ನ ಕರೀತೇನಿ. ಗಿಡ ಬಿಟ್ಟು ಎಲ್ಲಾರೂ ಶಾಲಿಗಿ ಓಡಿ ಬರ್ರಿ ಅನ್ನು. ಲಗೂನ!”

ಮೈತ್ರಿ ಎರಡೂ ಕೈಗಳಿಂದ ತನ್ನ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಸಣ್ಣ ದನಿ ಬಂತು.

“ನಾ ಕರಿಯಂಗಿಲ್ರಿ ಟೀಚರ್. ನಾ ಕರದ್ರ ಬರ್ತಾರ.”