ಗೋಪುರದ ದೊರೆಗೆ ಗಂಜಿ

ದೊರೆಯ ಬೇಟೆಕಾಡಿನಲ್ಲಿ ಒಂದು ಜಿಂಕೆ ಹೊಡೆದ ತಪ್ಪಿಗೆ ಆಗ್ನೆಸಳ ಇಬ್ಬರು ಮಕ್ಕಳನ್ನೂ ಗಲ್ಲಿಗೇರಿಸಿದರು. ಅಪ್ಪಣೆಯ ಮೇಲೆ ಇಂಗ್ಲೆಂಡಿನ ದೊರೆಯ ಮುದ್ರೆಯಿತ್ತು. ಆರು ತಿಂಗಳ ಬಳಿಕ ಅವಳು ಅರಮನೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಳು. ಒಂದು ಬೆಳಗ್ಗೆ ದೊರೆಯ ಬಾರ್ಲಿ ಗಂಜಿಗೆ ವಿಷ ಬೆರೆಸಿ, ತಾನೇ ಗೋಪುರದ ಕೋಣೆಗೆ ಒಯ್ದಳು.

ಅಲ್ಲಿ ಮುದುಕ ದೊರೆ ಒಬ್ಬನೇ ಇದ್ದ. ಹಸಿದವನಂತೆ ಗಟಗಟ ಕುಡಿದ.

"ನನ್ನ ಮಕ್ಕಳನ್ನು ಕೊಂದೆಯಲ್ಲ, ಅದಕ್ಕೆ ಇದು. ಗಂಜಿಯಲ್ಲಿ ವಿಷವಿತ್ತು," ಎಂದಳು.

ದೊರೆ ಖಾಲಿ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ.

"ಯಾವಾಗ ಕೊಂದದ್ದು, ತಾಯಿ?"

"ಹೋದ ಚಳಿಗಾಲದಲ್ಲಿ."

"ನನ್ನನ್ನು ಇಲ್ಲಿ ಕೂಡಿಹಾಕಿ ನಾಲ್ಕು ವರ್ಷವಾಯಿತು. ಕಾಯಿಲೆ ಎಂದು ಹೊರಗೆ ಹೇಳಿಸಿದ್ದಾರೆ. ಮುದ್ರೆಯುಂಗುರ ನನ್ನ ತಮ್ಮನ ಬೆರಳಲ್ಲಿದೆ, ಅಪ್ಪಣೆಗಳೆಲ್ಲ ಅವನವು. ಇನ್ನು ಕಿರೀಟವೂ ಅವನದೇ."

ಆಗ್ನೆಸ್ ಅವನ ಮುಂದೆ ಮಂಡಿಯೂರಿದಳು.

ದೊರೆಗೆ ಆಗಲೇ ಉಸಿರು ಕಟ್ಟುತ್ತಿತ್ತು. "ಈ ವಿಷ ನಿನಗೆ ಯಾರು ಕೊಟ್ಟರು?"

"ನಿಮ್ಮ ತಮ್ಮನವರು, ಪ್ರಭು. ನನ್ನ ಮಕ್ಕಳಿಗಾಗಿ ಕಣ್ಣೀರು ಹಾಕುತ್ತಾ ಕೊಟ್ಟರು."