ಕೋಡ್ ಬಂತಾ

ಮೊಬೈಲಿನಲ್ಲಿ ಅಪ್ಪನ ಹೆಸರು ಕಂಡು ಶಶಿರೇಖಾ ಟಿವಿಯ ಸದ್ದು ಅಡಗಿಸಿದಳು. ಅವಳ ಮದುವೆಯಾದ ಮೇಲೆ ಅವರಾಗಿಯೇ ಫೋನ್ ಮಾಡಿದ್ದು ಇದೇ ಮೊದಲು.

ಬೇರೆ ಜಾತಿಯ ಗುರು ಎಂಬವನನ್ನು ಕಟ್ಟಿಕೊಂಡಳೆಂದು ಸಮೇತನಹಳ್ಳಿಯ ಮುನಿವೆಂಕಟಪ್ಪ ಮಗಳೊಂದಿಗೆ ಮಾತು ಬಿಟ್ಟಿದ್ದರು. ಆದರೆ ನೆಲಮಂಗಲದ ಅವಳ ಮನೆಯ ಟಿವಿಯಲ್ಲಿ ಮೊನ್ನೆಯವರೆಗೂ ಓಡುತ್ತಿದ್ದದ್ದು ಅವರು ದುಡ್ಡು ಕಟ್ಟುವ ಆ್ಯಪ್. ಅದನ್ನು ತೆರೆದಾಗಲೆಲ್ಲ ಅವರ ಮೊಬೈಲಿಗೆ ಕೋಡ್ ಹೋಗುತ್ತಿತ್ತು. ಸಂಜೆ ಅವಳು ಫೋನ್ ಮಾಡಿ, "ಕೋಡ್ ಬಂತಾ ಅಪ್ಪಾ?" ಎಂದರೆ ಅಂಕಿಗಳನ್ನಷ್ಟೇ ಓದಿ ಇಟ್ಟುಬಿಡುತ್ತಿದ್ದರು. ಈಗ ಅದರಲ್ಲಿ ಬರುತ್ತಿದ್ದ ಅವಳ ಧಾರಾವಾಹಿ ಬೇರೊಂದು ಆ್ಯಪಿಗೆ, ಗುರುವಿನ ಕ್ರಿಕೆಟ್ ಮತ್ತೊಂದಕ್ಕೆ ಹೋಗಿತ್ತು. ನಿನ್ನೆ ಗುರು ಆ ಎರಡನ್ನೂ ತಾನೇ ದುಡ್ಡು ಕಟ್ಟಿ ಹಾಕಿಸಿದ್ದ.

"ಇವತ್ತು ಕೋಡು ಕೇಳ್ಲೇ ಇಲ್ಲ," ಎಂದರು ಅಪ್ಪ. "ರೇಟು ಜಾಸ್ತಿ ಮಾಡ್ಬಿಟ್ರು. ನಾನೇನೂ ನಿಲ್ಸಿಲ್ಲ, ಕಟ್ಟಿದೀನಿ."

ಶಶಿರೇಖಾ ಟಿವಿಯನ್ನೇ ಆರಿಸಿದಳು. "ಈಗ ಕೇಳೋಣ ಅಂತಿದ್ದೆ. ಹೇಳಪ್ಪ."

ಅವಳು ಅವರ ಆ್ಯಪ್ ತೆರೆದೇ ಇರಲಿಲ್ಲ. ಕೋಡ್ ಬಂದಿರಲು ಸಾಧ್ಯವೇ ಇರಲಿಲ್ಲ. ಆ ಕಡೆ ಅಪ್ಪ ಮೊಬೈಲಿನ ಮೆಸೇಜುಗಳಲ್ಲಿ ತಡಕಾಡಿದರು. ಆಮೇಲೆ ಯಾವತ್ತಿನದೋ ಹಳೆಯ ಕೋಡನ್ನು ಒಂದೊಂದೇ ಅಂಕಿಯಾಗಿ, ಎಂದಿಗಿಂತ ನಿಧಾನವಾಗಿ ಓದಿದರು. ಅವಳು ಒಂದೊಂದನ್ನೂ ತಿರುಗಿ ಹೇಳಿದಳು.