ಈರಿಯ ಗಂಟೆ

“ಲೇ ಈರೀ, ಬಾವಿ ಕಡೆ ಹೋಗ್ಬ್ಯಾಡ!”

ಗೌರಕ್ಕ ಜಗಲಿಯಿಂದ ಏಳದೆಯೇ ಕೂಗಿದಳು. ಕೈ ಕಡ್ಲೆಕಾಯಿ ಸುಲಿಯುತ್ತಿತ್ತು, ಕಣ್ಣು ಮೊರದ ಮೇಲಿತ್ತು. ಕಿವಿ ಮಾತ್ರ ಮನೆಯ ಹಿಂದಿನ ಗಂಟೆಯ ಬೆನ್ನು ಬಿದ್ದಿತ್ತು. ಹುಣಸೆಮರದ ಬುಡದಲ್ಲಿ ಕಿಣಿಕಿಣಿ ಎನ್ನುತ್ತಿದ್ದದ್ದು ಮೆಲ್ಲಗೆ ಬಾವಿಯತ್ತ ಸರಿದಿತ್ತು. ಕೂಗು ಬಿದ್ದದ್ದೇ ತಡ, ಗಂಟೆ ನಿಂತಿತು. ಆಮೇಲೆ ಹುಲ್ಲಿನ ಬಣವೆಯ ಕಡೆ ವಾಪಸ್ಸು ಬಂತು.

“ನೋಡ್ದ್ಯಾ ಅತ್ತೆ? ಒಂದೇ ಕೂಗಿಗೆ ತಿರುಗಿದ್ಲು.”

ಎದುರಿಗೆ ಕೂತು ತಾನೂ ಕಾಯಿ ಸುಲಿಯುತ್ತಿದ್ದ ಅತ್ತೆ ನಾಗಕ್ಕನಿಗೆ ನಗು ಬಂತು. “ರೇಡಿಯೋ ಹಾಕ್ಕೊಂಡಂಗೆ ಇಡೀ ದಿನ ಆ ಗಂಟೆ ಕೇಳ್ತಾ ಕುಂತಿರ್ತೀಯ. ಬರೋ ತಿಂಗ್ಳು ಇಸ್ಕೂಲಿಗೆ ಹೋಗೋ ಹುಡ್ಗಿ ಕಣೆ ಅದು. ಅಲ್ಲಿಗೂ ಗಂಟೆ ಕಟ್ಟೇ ಕಳಿಸ್ತೀಯಾ?”

“ಕಳಿಸ್ತೀನಿ.”

“ಕಳ್ಸು. ಮೇಷ್ಟ್ರು ಕುರಿ ಬಂತು ಅಂತ ಆಚೆಗೆ ಅಟ್ತಾರೆ.”

ಮಿಡಿಗೇಶಿ ಕಡೆಯ ಆ ಹಟ್ಟಿಯಲ್ಲಿ ಅಂಬೆಗಾಲಿಕ್ಕುವ ಕೂಸಿನ ಉಡಿದಾರಕ್ಕೆ ಕುರಿಮರಿಯ ಗಂಟೆ ಕಟ್ಟುವುದು ಹಳೇ ರೂಢಿ. ಗಂಡಸರು ಮಂದೆಯ ಹಿಂದೆ, ಹೆಂಗಸರು ಕೆಲಸದ ಹಿಂದೆ. ಕೂಸು ಎಲ್ಲಿದೆ ಎಂದು ಗಂಟೆಯೇ ಹೇಳಬೇಕು. ಕಟ್ಟುವುದಕ್ಕೆ ಇಂಥ ಹೊತ್ತು ಎಂದು ಇತ್ತೇ ಹೊರತು ಬಿಚ್ಚುವುದಕ್ಕೆ ಇರಲಿಲ್ಲ. ಅದು ತಾಯಿಗೆ ಬಿಟ್ಟದ್ದು. ಈರಿಯ ವಾರಗೆಯ ಮಕ್ಕಳ ಗಂಟೆಗಳೆಲ್ಲ ಎಂದೋ ಕುರಿರೊಪ್ಪಕ್ಕೆ ಮರಳಿದ್ದವು. ಗೌರಕ್ಕನಿಗೆ ಮಾತ್ರ ಕೈ ಬರಲಿಲ್ಲ. ಮನೆಯ ಹಿಂದೆ ಕಟ್ಟೆಯಿಲ್ಲದ ಬಾವಿ. ಬಿಚ್ಚಿದ ದಿನವೇ ಮಗಳು ಅದರ ಪಾಲಾದರೆ? ಈ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡು, ಹೊರಗೆ ಮಾತ್ರ ನನ್ನ ಕಿವಿಯಂಥ ಕಿವಿ ಈ ಹಟ್ಟಿಯಲ್ಲೇ ಇಲ್ಲ ಎಂದು ಜಂಬ ಕೊಚ್ಚುತ್ತಿದ್ದಳು. ಜಂಬ ಪೂರ್ತಿ ಸುಳ್ಳೇನಲ್ಲ. ಗಂಟೆ ಕುಣಿದರೆ ಮಗಳು ಆಡುತ್ತಿದ್ದಾಳೆ, ತಡೆದು ತಡೆದು ಕೇಳಿದರೆ ಬೆಲ್ಲದ ಮಡಕೆಗೆ ಕೈ ಹಾಕುತ್ತಿದ್ದಾಳೆ ಎಂಬುದು ಅವಳಿಗೆ ಕೂತಲ್ಲೇ ತಿಳಿಯುತ್ತಿತ್ತು.

ಗಂಟೆ ಗೋಡೆಯ ಮೂಲೆ ಸುತ್ತಿ ಜಗಲಿಗೇ ಬಂತು. “ಬಾರವ್ವ, ಹಸ್ದಿರ್ಬೇಕು” ಎಂದು ಗೌರಕ್ಕ ಮೊರದಿಂದ ಕಣ್ಣು ತೆಗೆಯದೆ ಒಂದು ಹಿಡಿ ಬೀಜ ಚಾಚಿದಳು. ಅಂಗೈಗೆ ಒದ್ದೆ ಮೂತಿ ತಾಗಿತು. ತಾಯಿ ಸತ್ತು ತಬ್ಬಲಿಯಾಗಿದ್ದ ಕರೀ ಮರಿ! ಅದರ ಕುತ್ತಿಗೆಯಲ್ಲಿ ಕೆಂಪು ದಾರ, ದಾರದಲ್ಲಿ ಈರಿಯ ಗಂಟೆ.

ಮೊರ ಮಗುಚಿ ಬಿತ್ತು. ಇಷ್ಟು ಹೊತ್ತೂ ಕುರಿಮರಿಗೆ ಕಾವಲು ಕೂತಿದ್ದೆನಲ್ಲ, ಮಗಳು ಎಲ್ಲಿ ಹೋದಳೋ ಏನಾದಳೋ ಎಂದು ಎದೆ ಬಡಿದುಕೊಳ್ಳುತ್ತಾ ಗೌರಕ್ಕ ಬಾವಿಯ ಹತ್ತಿರ ಓಡಿದಳು. ಬಗ್ಗಿ ನೋಡಿದರೆ ನೀರು ಅಲ್ಲಾಡದೆ ನಿಂತಿತ್ತು. ಅದನ್ನು ಕಂಡು ಅವಳಿಗೆ ಧೈರ್ಯ ಬರಲಿಲ್ಲ; ಮುಳುಗಿಹೋಗಿದ್ದರೂ ನೀರು ಹೀಗೇ ನಿಂತಿರುತ್ತದಲ್ಲ. “ಈರೀ!” ಎಂದು ಕಿರುಚಿದಳು.

“ಕೂಗ್ಬ್ಯಾಡ ಕಣವ್ವ, ಚೆಲ್ತೈತೆ.”

ಹಟ್ಟಿಯ ಆ ತುದಿಯಿಂದ ಈರಿ ಬರುತ್ತಿದ್ದಳು. ಎರಡೂ ಕೈಯಲ್ಲಿ ಚೊಂಬು, ಚೊಂಬಿನ ಕಂಠದವರೆಗೆ ಹಾಲು. ನಾಲಗೆಯ ತುದಿ ಕಚ್ಚಿಕೊಂಡು, ಹಾಲಿನ ಮೇಲಿಂದ ಕಣ್ಣು ಎತ್ತದೆ ಅಡಿ ಮೇಲೊಂದು ಅಡಿ ಇಡುತ್ತಿದ್ದಳು. ಬಾವಿ ಹತ್ತಿರವಾಗುತ್ತಲೇ ಒಮ್ಮೆ ನಿಂತಳು, ತಲೆಯೆತ್ತಿ ನೋಡಿದಳು, ಹುಣಸೆಮರವನ್ನು ಬಳಸಿ ದೂರದಿಂದಲೇ ಸುತ್ತಿ ಬಂದಳು. ಯಾರೂ ಹೇಳಿರಲಿಲ್ಲ.

“ಎಲ್ಲಿ ಹಾಳಾಗೋಗಿದ್ಯೇ?”

“ಚಿಕ್ಕಕ್ಕರ ಮನೇಗೆ. ಅವರ ಮೇಕೆ ಈದೈತಲ್ಲ, ಮರಿಗೆ ಹಾಲು ಇಸ್ಕೊಂಬಂದೆ.”

“ಗಂಟೆ ಯಾಕೆ ಬಿಚ್ದೆ?”

ಇದನ್ನೂ ಹೇಳಿಕೊಡಬೇಕಾ ಎನ್ನುವಂತೆ ಈರಿ ಅವ್ವನ ಮುಖ ನೋಡಿದಳು. “ಮರಿಗೆ ಬುದ್ಧಿ ಇಲ್ಲ, ಬಾವಿ ಕಡೀಕೇ ಹೋಗ್ತೈತೆ. ನೀನು ಕೇಳಿಸ್ಕೊಂಡು ಕುಂತಿರ್ತೀಯಲ್ಲ, ಅದಕ್ಕೆ ಕಟ್ಟಿ ಹೋದೆ. ಆ ಕಡೆ ಹೋಯ್ತಾ?”

“ಹೋಯ್ತು.”

“ನೀನು ಕೂಗಿದ್ಯಾ?”

“ಕೂಗ್ದೆ.”

“ಮತ್ತೆ!” ಎಂದಳು ಈರಿ.

ಹೊಡೆಯಲು ಎತ್ತಿದ್ದ ಕೈ ಮಗಳ ನೆತ್ತಿಯ ಮೇಲೆ ಬಂದು ಕೂತಿತು. ಗೌರಕ್ಕನಿಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು; ಎರಡನ್ನೂ ಪಕ್ಕಕ್ಕೆ ತಳ್ಳಿಕೊಂಡು ಹೆಮ್ಮೆ ಬಂತು. ಮಗಳನ್ನು ಕಾಯುತ್ತಿದ್ದೇನೆ ಎಂದು ತಾನು ಬೀಗುತ್ತಿದ್ದರೆ, ಮಗಳು ತನ್ನನ್ನೇ ಮರಿಗೆ ಕಾವಲಿಟ್ಟು ಹೋಗಿದ್ದಳು! ಅದೂ ಅವ್ವ ಇದ್ದಾಳೆ, ನೋಡಿಕೊಳ್ಳುತ್ತಾಳೆ ಎಂಬ ನಂಬಿಕೆಯ ಮೇಲೆ.

ಈರಿ ಬಟ್ಟೆಯ ಬತ್ತಿಯನ್ನು ಹಾಲಿಗೆ ಅದ್ದಿ ಮರಿಯ ಬಾಯಿಗಿಟ್ಟಳು. ಅದು ಬಾಲ ಕುಣಿಸಿ ಕುಡಿಯುವಾಗ ಗೌರಕ್ಕ ಕುತ್ತಿಗೆಯ ದಾರಕ್ಕೆ ಕೈ ಹಾಕಿದಳು.

“ಬಿಚ್ಚಿ ಮತ್ತೆ ಹುಡ್ಗಿಗೇ ಕಟ್ತೀಯೇನೆ ಗೌರಿ?” ಎಂದಳು ಜಗಲಿಯ ಮೇಲಿಂದ ನಾಗಕ್ಕ.

ಎಳೇ ಕೈ ಹಾಕಿದ್ದ ಗಂಟು ಸಡಿಲವಾಗಿತ್ತು. ಗೌರಕ್ಕ ಅದನ್ನು ಮರಿಯ ಕುತ್ತಿಗೆಯಲ್ಲೇ ಬಿಗಿಯಾಗಿ ಮತ್ತೊಮ್ಮೆ ಹಾಕಿದಳು.

ಸಂಜೆ ಗಂಡ ಕ್ಯಾತಪ್ಪ ಮಂದೆ ಹೊಡೆದುಕೊಂಡು ಬಂದ. ರೊಪ್ಪದೊಳಗಿಂದ ಗಂಟೆ ಕೇಳಿಸಿತು.

“ಈರಿ ಯಾಕೆ ರೊಪ್ಪದಾಗವ್ಳೆ?”

“ಅದು ಈರಿ ಅಲ್ಲ. ಈರಿ ಸಾಕೋ ಮರಿ.”

“ಮತ್ತೆ ಈರಿ ಎಲ್ಲಿ?”

ಗೌರಕ್ಕ ಒಲೆಯ ಮುಂದಿನಿಂದ ತಲೆಯನ್ನೂ ಎತ್ತಲಿಲ್ಲ. “ಎಲ್ಲೋ ಅವ್ಳೆ. ಬತ್ತಾಳೆ ಬುಡು” ಎಂದಳು, ಹಟ್ಟಿಗೆಲ್ಲ ಕೇಳುವಷ್ಟು ಜೋರಾಗಿ.